1,200 ಗಂಟೆ ಕನ್ನಡ ಮಾತು ಕೊಳ್ಳುವ ಮುಂಚೆ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಹನ್ನೆರಡು ಜನರ ಸಣ್ಣ ಕಂಪನಿ. ಪತ್ತಿನ ಸಹಕಾರ ಸಂಘಗಳ ಸದಸ್ಯರು ಫೋನ್ ಮಾಡಿ ಸಾಲದ ಬಾಕಿ, ಕಂತು, ಬಡ್ಡಿ ಕೇಳಿದರೆ ಕನ್ನಡದಲ್ಲೇ ಉತ್ತರಿಸುವ ಧ್ವನಿ ಸೇವೆ ಕಟ್ಟುತ್ತಿದ್ದೇವೆ. ಒಬ್ಬ ಮಾರಾಟಗಾರರು ಯಂತ್ರಕ್ಕೆ ಕಲಿಸಲು ಬೇಕಾದ 1,200 ಗಂಟೆ ಕನ್ನಡ ಸ್ಪೀಚ್ ಡೇಟಾವನ್ನು (ಧ್ವನಿಮುದ್ರಣಗಳನ್ನು) ಆ ಮಾತಿನ ಬರಹದ ಸಮೇತ ಗಂಟೆಗೆ 3,000 ರೂಪಾಯಿಯಂತೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಒಟ್ಟು 36 ಲಕ್ಷ. ಸ್ಯಾಂಪಲ್ ಎಂದು ಕಳಿಸಿದ 2 ಗಂಟೆ ಕೇಳಲು ಚೆನ್ನಾಗಿದೆ. ಬರಹದ ನಿಖರತೆ ಶೇ. 98 ಎಂದು ಹೇಳಿದ್ದಾರೆ. ಒಂದು ತಿಂಗಳಲ್ಲಿ ನಿರ್ಧರಿಸಬೇಕು. ಏನೇನು ನೋಡಬೇಕು?

ಉತ್ತರ: ಅವರ ಡೇಟಾ ನೋಡುವುದಕ್ಕೂ ಮುಂಚೆ ನಿಮ್ಮದೇ ಒಂದು ಪರೀಕ್ಷೆ ಸಿದ್ಧ ಮಾಡಿಕೊಳ್ಳಿ. ಈ ತಿಂಗಳ ಮೊದಲ ಹತ್ತು ದಿನ ಅದಕ್ಕೇ ಮೀಸಲಿಡಿ. ಡೇಟಾ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಬರೀ ಡೇಟಾ ನೋಡಿದರೆ ಉತ್ತರ ಸಿಗುವುದಿಲ್ಲ. ನವಲಗುಂದದ ರೈತರೊಬ್ಬರು ಬಸ್ ನಿಲ್ದಾಣದಲ್ಲಿ ನಿಂತು, ಹಳೆಯ ಫೋನ್ ಕಿವಿಗೊತ್ತಿಕೊಂಡು ಕೇಳುವ ಮಾತು ನಿಮ್ಮ ಯಂತ್ರಕ್ಕೆ ತಿಳಿಯುತ್ತದೆಯೇ ಎಂಬುದು ಮಾತ್ರ ನಿಮಗೆ ಬೇಕಾದ ಸಂಗತಿ. ಆ ಮಾತಿನ ಮೂರು ಗಂಟೆಯಷ್ಟು ಧ್ವನಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಬೇರೆಯವರ 1,200 ಗಂಟೆಯನ್ನು ಅಳೆಯಲು ನಿಮ್ಮ ಬಳಿ ಕೋಲೇ ಇಲ್ಲ.

ಆ ಮೂರು ಗಂಟೆಯನ್ನು ಹೀಗೆ ಮಾಡಿ. ನೀವು ಸೇವೆ ಕೊಡಲಿರುವ ಸಂಘಗಳ ಪೈಕಿ ನಾಲ್ಕೈದನ್ನು ಆರಿಸಿಕೊಂಡು, ಸದಸ್ಯರಿಗೆ ವಿಷಯ ತಿಳಿಸಿ, ಒಪ್ಪಿಗೆ ಪಡೆದು, ನಿಜವಾದ ಕರೆಗಳನ್ನು ದಾಖಲಿಸಿ. ಹೆಂಗಸರು, ಅರವತ್ತು ದಾಟಿದವರು, ಉರ್ದು ಅಥವಾ ಮರಾಠಿ ಮನೆಮಾತಿನವರು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಒಂದೇ ಧ್ವನಿಯನ್ನು ಇಬ್ಬರು ಬೇರೆ ಬೇರೆಯಾಗಿ ಕೂತು ಬರೆಯಲಿ. ಇಬ್ಬರೂ ಆ ಸೀಮೆಯವರೇ ಆಗಿರಲಿ. ಗದ್ದಲದ ಫೋನ್ ಮಾತಾದರೆ ಒಂದು ಗಂಟೆಯ ಧ್ವನಿಗೆ ಆರೇಳು ಗಂಟೆ ಕೆಲಸ ಹಿಡಿಯುತ್ತದೆ, ಅದಕ್ಕೆ ಬೇಸರಿಸಬೇಡಿ. ಇಬ್ಬರ ಬರಹ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಮನುಷ್ಯರ ಕಿವಿಗೇ ಗೊಂದಲವಿದೆ ಎಂದರ್ಥ, ಯಂತ್ರದಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವ ಹಾಗಿಲ್ಲ. ಈ ಮೂರು ಗಂಟೆಯನ್ನು ಮಾರಾಟಗಾರರಿಗೆ ಯಾವ ಕಾರಣಕ್ಕೂ ಕೊಡಬೇಡಿ, ಮುಂದೆ ಯಂತ್ರದ ತರಬೇತಿಗೂ ಬಳಸಬೇಡಿ.

ಇನ್ನು ಅವರ ಸ್ಯಾಂಪಲ್ ವಿಷಯ. ಆ 2 ಗಂಟೆಯನ್ನು ಆರಿಸಿದವರು ಅವರು. ನಿಮ್ಮೂರಿನ ಮಾರುಕಟ್ಟೆಯಲ್ಲಿ ಹತ್ತಿ ಕೊಳ್ಳುವವರು ಅಂಡಿಗೆಯ ಮೇಲೆ ಕಾಣುವ ಹತ್ತಿ ನೋಡಿ ದರ ಹೇಳುವುದಿಲ್ಲ. ಒಳಗೆ ಕೈಹಾಕಿ ಎಳೆದು, ಎಳೆಯನ್ನು ಬೆರಳಲ್ಲಿ ಹಿಗ್ಗಿಸಿ ನೋಡುತ್ತಾರೆ. ಇಲ್ಲೂ ಕೈ ನಿಮ್ಮದೇ ಆಗಬೇಕು. ಮೊದಲು ಧ್ವನಿ ಬೇಡ, ಪೂರ್ತಿ ಕಡತಪಟ್ಟಿ ಕೇಳಿ: ಪ್ರತಿ ತುಣುಕಿನ ಹೆಸರು, ಉದ್ದ, ಮಾತಾಡಿದವರ ಗುರುತಿನ ಸಂಖ್ಯೆ, ಜಿಲ್ಲೆ, ವಯಸ್ಸಿನ ಗುಂಪು, ರೆಕಾರ್ಡ್ ಮಾಡಿದ ಸಾಧನ. ತುಣುಕೊಂದು ಸರಾಸರಿ 6 ಸೆಕೆಂಡ್ ಎಂದುಕೊಂಡರೆ 1,200 ಗಂಟೆ ಅಂದರೆ 7,20,000 ತುಣುಕು. ಅದರಿಂದ ಕಂಪ್ಯೂಟರಿನಲ್ಲಿ ಯಾದೃಚ್ಛಿಕವಾಗಿ 400ನ್ನು ನೀವೇ ಎತ್ತಿ, ಅವುಗಳನ್ನು ಮಾತ್ರ ಕಳಿಸಿ ಎನ್ನಿ. ಒಟ್ಟು 40 ನಿಮಿಷ ಆಗುತ್ತದೆ. ಅವರು ಆರಿಸಿಕೊಟ್ಟ ಎರಡು ಗಂಟೆಗಿಂತ ಈ 40 ನಿಮಿಷ ಎಷ್ಟೋ ಹೆಚ್ಚು ಹೇಳುತ್ತದೆ. 400ರಲ್ಲಿ 32 ತುಣುಕು ಕೆಟ್ಟಿದ್ದರೆ, ಅಂದರೆ ಶೇ. 8, ಇಡೀ ಸರಕಿನಲ್ಲಿ ಕೆಟ್ಟದ್ದು ಸುಮಾರು ಶೇ. 5ರಿಂದ 11ರ ನಡುವೆ ಇದೆ ಎಂದು ಧೈರ್ಯವಾಗಿ ಹೇಳಬಹುದು. ಒಂದೂ ತಪ್ಪು ಸಿಗದಿದ್ದರೆ ಮೂರನ್ನು ತುಣುಕುಗಳ ಸಂಖ್ಯೆಯಿಂದ ಭಾಗಿಸಿ: 300 ನೋಡಿ ಎಲ್ಲವೂ ಸರಿಯಿದ್ದರೆ ತಪ್ಪಿನ ಪ್ರಮಾಣ ಶೇ. 1ಕ್ಕಿಂತ ಕಡಿಮೆ ಎಂದು ಶೇ. 95 ಭರವಸೆಯಿಂದ ಹೇಳಬಹುದು. ಸಂಖ್ಯಾಶಾಸ್ತ್ರದಲ್ಲಿ ಇದು ಹಳೆಯ, ಸರಳ ಲೆಕ್ಕ.

‘ಗಂಟೆ’ ಎಂದರೆ ಏನು ಎಂದೂ ಕೇಳಿ. ಕಡತದ ಉದ್ದವೋ, ಮಾತಿನ ಉದ್ದವೋ? ಫೋನ್ ಕರೆಗಳಲ್ಲಿ ಮೌನ, ‘ಹಲೋ ಹಲೋ’, ಕಾಯಿಸುವ ಸಂಗೀತ ಬಹಳ ಇರುತ್ತದೆ. ಐದು ನಿಮಿಷದ ಕರೆಯ ಎರಡೂ ಬದಿಗಳನ್ನು ಬೇರೆ ಬೇರೆ ಚಾನೆಲ್ಲಿನಲ್ಲಿ ಹಿಡಿದು ಹತ್ತು ನಿಮಿಷ ಎಂದು ಎಣಿಸುವುದೂ ಉಂಟು. ಮಾತು ಎಲ್ಲಿದೆ, ಮೌನ ಎಲ್ಲಿದೆ ಎಂದು ಗುರುತಿಸುವ ಉಚಿತ ಸಾಧನಗಳಿವೆ, ಸಿಲೆರೊ ಅಂಥದ್ದೊಂದು. ಮೂರರಲ್ಲೊಂದು ಪಾಲು ಮೌನ ಎಂದು ಕಂಡರೆ ನೀವು ಕೊಳ್ಳುತ್ತಿರುವುದು 800 ಗಂಟೆ, ದರ ಗಂಟೆಗೆ 4,500 ರೂಪಾಯಿ.

ಧ್ವನಿಯ ಗುಣಮಟ್ಟ ನೋಡಲು ಒಂದು ಮಧ್ಯಾಹ್ನ ಸಾಕು. ಸಾಂಪ್ರದಾಯಿಕ ದೂರವಾಣಿ ಮಾರ್ಗ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಹೊತ್ತೊಯ್ಯುತ್ತದೆ, ಅದನ್ನು ಸೆಕೆಂಡಿಗೆ 8,000 ಬಾರಿ ಅಳೆದು ಅಂಕಿಯಾಗಿಸುತ್ತಾರೆ. ಸ್ಟುಡಿಯೋದಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಹಿಡಿದದ್ದು 16,000ವೋ ಅದಕ್ಕೂ ಮೇಲೋ ಇರುತ್ತದೆ. 8,000ದ ಕಡತವನ್ನು ಉಬ್ಬಿಸಿ 16,000 ಎಂದು ಹೆಸರಿಟ್ಟು ಮಾರುವುದು ಕಷ್ಟವೇನಲ್ಲ. ಉಚಿತ ಧ್ವನಿ ತಂತ್ರಾಂಶಗಳಾದ ಆಡಾಸಿಟಿಯಲ್ಲೋ ಪ್ರಾಟ್‌ನಲ್ಲೋ ತೆರೆದು ಸ್ಪೆಕ್ಟ್ರೋಗ್ರಾಮ್, ಅಂದರೆ ಎಷ್ಟು ಹರ್ಟ್ಸ್ ಬಳಿ ಎಷ್ಟು ಶಕ್ತಿ ಇದೆ ಎಂದು ತೋರಿಸುವ ಚಿತ್ರ, ನೋಡಿ. ‘ಸ’ಕಾರದ ಶಕ್ತಿಯ ಬಹುಪಾಲು 4,000 ಹರ್ಟ್ಸ್‌ನ ಮೇಲಿರುತ್ತದೆ. ‘ಸಾಲ’, ‘ಸಂಘ’ ಎನ್ನುವಾಗಲೂ ಆ ಗೆರೆಯ ಮೇಲೆ ಪೂರ್ತಿ ಖಾಲಿ ಕಂಡರೆ ಅದು ಉಬ್ಬಿಸಿದ ಧ್ವನಿ. ನಿಮ್ಮ ಕೆಲಸ ಫೋನಿನ ಮೇಲೆ ನಡೆಯುವುದರಿಂದ 8,000ದ ನಿಜವಾದ ಫೋನ್ ಧ್ವನಿಯೇ ನಿಮಗೆ ಹೆಚ್ಚು ಬೆಲೆಯುಳ್ಳದ್ದು. ಶುದ್ಧ ಧ್ವನಿಯನ್ನು ತಗ್ಗಿಸಿ ಫೋನಿನಂತೆ ಮಾಡಬಹುದು ನಿಜ. ಆದರೆ ಬಸ್ಸಿನ ಸದ್ದು, ಕಡಿದುಹೋಗುವ ಸಿಗ್ನಲ್, ಸ್ಪೀಕರ್ ಹಾಕಿ ಮನೆಯವರೆಲ್ಲ ಒಟ್ಟಿಗೆ ಮಾತಾಡುವುದು ತಗ್ಗಿಸಿದ ಮಾತ್ರಕ್ಕೆ ಬರುವುದಿಲ್ಲ.

ಮಾತಾಡಿದವರ ಬಗ್ಗೆ ನನ್ನದೇ ಒಂದು ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡ ನೂರಾರು ಗಂಟೆ ಕನ್ನಡ ಮಾತನ್ನು ಕೊಂಡಿತ್ತು. ಪಟ್ಟಿಯಲ್ಲಿ ಹೆಸರುಗಳು ಸಾಲುಗಟ್ಟಿದ್ದವು, ನಾವು ನಂಬಿದೆವು. ಒಂದು ಸಂಜೆ ಕೇಳುತ್ತ ಕೂತಿದ್ದಾಗ, ಬೇರೆ ಬೇರೆ ಹೆಸರಿನ ತುಣುಕುಗಳ ಹಿಂದೆ ಅದೇ ಫ್ಯಾನು, ಪ್ರತಿ ಸುತ್ತಿಗೂ ಅದೇ ‘ಕಟಕ್’. ಆಮೇಲೆ ಧ್ವನಿಯ ಹೋಲಿಕೆಯಿಂದ ವ್ಯಕ್ತಿಗಳನ್ನು ಗುಂಪು ಮಾಡಿ ನೋಡಿದರೆ ಒಂದೇ ಕೋಣೆಯಲ್ಲಿ ಕೂತ ಕೆಲವೇ ಜನ ಹತ್ತಾರು ಹೆಸರಿನಲ್ಲಿ ಓದಿದ್ದರು. ತುಣುಕಿಗಿಷ್ಟು ಎಂದು ಕೂಲಿ ಕೊಟ್ಟರೆ ಹೀಗಾಗುವುದು ಸಹಜ. ಓದಿದವರನ್ನು ನಾನು ದೂರುವುದಿಲ್ಲ, ಲೆಕ್ಕ ನೋಡದೆ ಮಾರಿದವರದೂ ಕೊಂಡ ನಮ್ಮದೂ ತಪ್ಪು. ಹಣಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಅದೇ ಜನರ ಧ್ವನಿ ತರಬೇತಿಯಲ್ಲೂ ಇತ್ತು, ಪರೀಕ್ಷೆಯಲ್ಲೂ ಇತ್ತು. ಆಫೀಸಿನಲ್ಲಿ ಅಂಕ ಚೆನ್ನಾಗಿ ಬಂತು, ಹೊಸ ಧ್ವನಿ ಕೇಳಿದ ದಿನ ಯಂತ್ರ ತಡವರಿಸಿತು. ಆದ್ದರಿಂದ ‘ಎಷ್ಟು ಜನ’ ಎನ್ನುವುದಕ್ಕಿಂತ ‘ಅತಿ ಹೆಚ್ಚು ಮಾತಾಡಿದ ಹತ್ತು ಜನರ ಪಾಲು ಒಟ್ಟಿನಲ್ಲಿ ಎಷ್ಟು’ ಎಂದು ಕೇಳಿ. ಉತ್ತರವನ್ನು ಇಸಿಎಪಿಎ ಥರದ, ಧ್ವನಿಯಿಂದ ವ್ಯಕ್ತಿಯನ್ನು ಗುರುತಿಸುವ ಮಾದರಿಯಿಂದ (ಮಾಡೆಲ್) ನೀವೇ ತಾಳೆ ನೋಡಿ.

ಯಾರ ಧ್ವನಿ ಇಲ್ಲ ಎಂಬುದೂ ಅಷ್ಟೇ ಮುಖ್ಯ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್‌ಗಳ ಧ್ವನಿ ಗುರುತಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಿತು. ಬಿಳಿಯರ ಮಾತಿನಲ್ಲಿ ಸರಾಸರಿ ನೂರಕ್ಕೆ 19 ಪದ ತಪ್ಪಿದರೆ ಕರಿಯರ ಮಾತಿನಲ್ಲಿ 35 ತಪ್ಪಿತ್ತು. ಕಲಿಸಿದ ಡೇಟಾದಲ್ಲಿ ಯಾರ ಮಾತು ಕಡಿಮೆಯೋ ಅವರಿಗೆ ಯಂತ್ರ ಕಿವುಡಾಗುತ್ತದೆ. ನಮ್ಮಲ್ಲಿ ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರ ಧ್ವನಿ ಸುಲಭವಾಗಿ ಸಿಗುತ್ತದೆ, ಯಾದಗಿರಿಯ ಎಪ್ಪತ್ತರ ಅಜ್ಜಿಯದು ಸಿಗುವುದಿಲ್ಲ. ಸಾಲದ ಬಾಕಿ ಕೇಳಲು ಫೋನ್ ಮಾಡುವವರು ಮಾತ್ರ ಆ ಅಜ್ಜಿಯೇ.

ಈಗ ಬರಹಕ್ಕೆ ಬರೋಣ. ನಾನು ಅತಿ ಹೆಚ್ಚು ಹೊತ್ತು ಕೂರುವುದು ಇಲ್ಲಿ. ನೀವೂ ಇಲ್ಲೇ ಹೆಚ್ಚು ಸಮಯ ಕೊಡಿ.

ಒಂದು ತುಣುಕಿನಲ್ಲಿ ಹೀಗೆ ಕೇಳಿಸುತ್ತದೆ ಎಂದುಕೊಳ್ಳಿ: ‘ನಮ್ಮಪ್ಪನ ಸಾಲ ತೀರೇತ್ರಿ, ಆದ್ರೂ ನೋಟಿಸ್ ಬಂದೈತಿ’. ಬರಹದಲ್ಲಿ ಹೀಗಿದೆ: ‘ನಮ್ಮ ತಂದೆಯ ಸಾಲ ತೀರಿದೆ, ಆದರೂ ನೋಟಿಸ್ ಬಂದಿದೆ’. ಅರ್ಥ ಒಂದೇ ಎಂದು ಪರಿಶೀಲಿಸುವವರು ಸರಿ ಗುರುತು ಹಾಕುತ್ತಾರೆ. ಶೇ. 98ರ ನಿಖರತೆ ಹೀಗೇ ಹುಟ್ಟಬಹುದು. ಆದರೆ ಯಂತ್ರ ಕಲಿಯುವುದು ಧ್ವನಿಗೂ ಅಕ್ಷರಕ್ಕೂ ಇರುವ ನಂಟನ್ನು. ‘ಅಪ್ಪ’ ಎಂದು ಕೇಳಿಸಿ ‘ತಂದೆ’ ಎಂದು ಬರೆದರೆ ಆ ನಂಟೇ ಹರಿಯಿತು. ಆಡುಮಾತನ್ನು ಶಿಷ್ಟ ರೂಪಕ್ಕೆ ತರಬಾರದೆಂದೇನೂ ನಾನು ಹೇಳುತ್ತಿಲ್ಲ. ‘ಐತಿ’ಯನ್ನು ಎಲ್ಲ ಕಡೆಯೂ ‘ಇದೆ’ ಎಂದು ಬರೆಯುವುದು ಒಂದು ಕ್ರಮ, ಇದ್ದಂತೆ ಬರೆಯುವುದು ಇನ್ನೊಂದು. ಒಬ್ಬರು ಹಾಗೆ, ಮತ್ತೊಬ್ಬರು ಹೀಗೆ ಬರೆದಿದ್ದರೆ ಮಾತ್ರ ಅದನ್ನು ಸರಿಪಡಿಸುವ ದಾರಿ ಇಲ್ಲ. ಬರೆಯುವವರಿಗೆ ಕೊಟ್ಟ ನಿಯಮಪುಸ್ತಕವನ್ನು ಕೇಳಿ ಪಡೆಯಿರಿ. ಅಂಥದ್ದು ಇಲ್ಲ ಎಂದರೆ ಬೇರೆ ಪರಿಶೀಲನೆಯೇ ಬೇಡ, ಮಾತುಕತೆ ಅಲ್ಲಿಗೇ ನಿಲ್ಲಿಸಬಹುದು.

ಎಲ್ಲ ಬರಹವೂ ವಿಪರೀತ ಶುದ್ಧವಾಗಿದ್ದರೆ ಇನ್ನೊಂದು ಅನುಮಾನ ಪಡಬೇಕು. ಮೊದಲು ಯಂತ್ರದಿಂದ ಬರೆಸಿ, ಮನುಷ್ಯರಿಂದ ಮೇಲ್ಮೇಲೆ ತಿದ್ದಿಸಿ ಮಾರುವುದು ಈಗ ಸಾಮಾನ್ಯ. ಅದರ ಗುರುತುಗಳಿವೆ: ‘ಆಂ’, ‘ಅದೇನಂದ್ರ’, ಅರ್ಧಕ್ಕೆ ನಿಲ್ಲಿಸಿ ಮತ್ತೆ ಶುರುಮಾಡಿದ ಮಾತು ಎಲ್ಲೂ ಇರುವುದಿಲ್ಲ, ‘ಹೋಗ್ಯಾನ’ ಇದ್ದಲ್ಲೆಲ್ಲ ‘ಹೋಗಿದ್ದಾನೆ’ ಇರುತ್ತದೆ, ಮೌನದ ಜಾಗದಲ್ಲಿ ಯಾರೂ ಆಡದ ವಾಕ್ಯ ಇರುತ್ತದೆ. ಮಾತನ್ನು ಬರಹಕ್ಕೆ ತರುವ, 2022ರಲ್ಲಿ ಬಂದ ವಿಸ್ಪರ್ ಮಾದರಿ ಮೌನದಲ್ಲೂ ಮಾತು ಹುಟ್ಟಿಸುವುದು ಎಲ್ಲರೂ ಕಂಡ ಸಂಗತಿ. ಇಂಥ ಡೇಟಾ ಕೊಂಡರೆ ಉಚಿತವಾಗಿ ಸಿಗುವ ಯಂತ್ರದ ತಪ್ಪುಗಳನ್ನೇ ಹಣ ಕೊಟ್ಟು ಕಲಿಸಿದಂತೆ.

ಅಂಕಿಗಳನ್ನು ಬೇರೆಯಾಗಿಯೇ ಪರೀಕ್ಷಿಸಿ. ನಿಮ್ಮ ಸೇವೆಯ ಜೀವ ಅಂಕಿಗಳಲ್ಲಿದೆ. ‘ಇಪ್ಪತ್ತು’, ‘ಎಪ್ಪತ್ತು’ ಎರಡೂ ಕೆಟ್ಟ ಸಿಗ್ನಲ್‌ನಲ್ಲಿ ಒಂದೇ. ‘ಒಂದೂವರೆ ಸಾವಿರ’, ‘ಸವ್ವಾ ಲಕ್ಷ’, ‘ಮುಕ್ಕಾಲು’, ಫೋನ್ ನಂಬರ್ ಹೇಳುವಾಗ ‘ಡಬಲ್ ನೈನ್’ ಇವೆಲ್ಲ ಡೇಟಾದಲ್ಲಿ ಇವೆಯೇ? ಇದ್ದರೆ ಅಂಕಿಯಾಗಿ ಬರೆದಿದ್ದಾರೋ ಅಕ್ಷರವಾಗಿಯೋ? ಇನ್ನೂ ಸೂಕ್ಷ್ಮವಾದದ್ದೊಂದಿದೆ. ‘ಕಂತು ಕಟ್ಟೇನ್ರಿ’ ಎಂದರೆ ಕಟ್ಟಿದ್ದೇನೆ, ‘ಕಂತು ಕಟ್ಟಿಲ್ರಿ’ ಎಂದರೆ ಕಟ್ಟಿಲ್ಲ. ನಡುವೆ ಒಂದೆರಡು ಧ್ವನಿಯ ವ್ಯತ್ಯಾಸ, ಅರ್ಥ ಪೂರ್ತಿ ತಿರುಗುಮುರುಗು. ನೂರು ಪದಕ್ಕೆ ಎಷ್ಟು ತಪ್ಪು ಎಂದು ಎಣಿಸುವ ಪದದೋಷದ ಲೆಕ್ಕದಲ್ಲಿ ಇದೂ ಒಂದು ತಪ್ಪು, ‘ಐತಿ’ ಬದಲು ‘ಇದೆ’ ಬಂದರೂ ಒಂದು ತಪ್ಪು. ಸದಸ್ಯರ ಪಾಲಿಗೆ ಮೊದಲನೆಯದು ಅನ್ಯಾಯ. ಆದ್ದರಿಂದ ಅಂಕಿ, ನಿಷೇಧ, ತಾರೀಖು, ಊರು ಮತ್ತು ಜನರ ಹೆಸರುಗಳ ಒಂದು ಪಟ್ಟಿ ಮಾಡಿ, ಅವುಗಳ ತಪ್ಪನ್ನು ಬೇರೆಯೇ ಎಣಿಸಿ.

ಪದದೋಷದ ಲೆಕ್ಕ ಕನ್ನಡಕ್ಕೆ ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸುತ್ತದೆ. ಮೂಲದಲ್ಲಿ ‘ಬರುತ್ತೇನೆಂದು ಹೇಳಿದ್ದಾನೆ’ ಎಂದು ಎರಡು ಪದವಿದ್ದು, ಯಂತ್ರ ‘ಬರುತ್ತೇನೆ ಎಂದು ಹೇಳಿದ್ದಾನೆ’ ಎಂದು ಬರೆದರೆ ಒಂದು ಪದ ಬದಲಾಯಿತು, ಒಂದು ಹೆಚ್ಚಾಯಿತು; ಎರಡು ಪದಕ್ಕೆ ಎರಡು ತಪ್ಪು, ಶೇ. 100 ದೋಷ. ಕೇಳಿದ್ದರಲ್ಲಿ ತಪ್ಪೇ ಇಲ್ಲ. ಅಕ್ಷರದೋಷದ ಲೆಕ್ಕವನ್ನೂ ಜೊತೆಗಿಟ್ಟುಕೊಂಡು ನೋಡಿ. ಕಣ್ಣಿಗೆ ಕಾಣದ ತೊಂದರೆಗಳೂ ಇವೆ. ‘ರ‍್ಯಾಲಿ’, ‘ಸಾಫ್ಟ್‌ವೇರ್’ ಮುಂತಾದ ಪದಗಳ ಒಳಗೆ ಅಕ್ಷರ ಕೂಡಿಸುವ ಅಥವಾ ಬಿಡಿಸುವ, ತೆರೆಯ ಮೇಲೆ ತೋರದ ಸಂಕೇತಗಳು ಕೆಲವು ಕಡೆ ಇರುತ್ತವೆ, ಕೆಲವು ಕಡೆ ಇರುವುದಿಲ್ಲ. ದೀರ್ಘ ‘ೇ’ ಒಂದೇ ಸಂಕೇತವಾಗಿಯೂ ಇರಬಹುದು, ಎರಡಾಗಿಯೂ ಇರಬಹುದು. ಕೆಲವೊಮ್ಮೆ ಸೊನ್ನೆ ‘೦’ ಅನುಸ್ವಾರದ ಜಾಗದಲ್ಲಿ ಕೂತಿರುತ್ತದೆ. ಕಣ್ಣಿಗೆ ಒಂದೇ ಪದ, ಯಂತ್ರಕ್ಕೆ ಎರಡು. ಬಳಸಿದ ಅಕ್ಷರಸಂಕೇತಗಳನ್ನೆಲ್ಲ ಎಣಿಸಿ ಪಟ್ಟಿ ತೆಗೆದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಇಷ್ಟು ಹಣ ಕೊಡುವ ಮೊದಲು ಹಣ ಕೊಡದೆ ಸಿಗುವುದೇನು ಎಂದು ನೋಡುವುದೂ ನಿಮ್ಮ ಕರ್ತವ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕೃಷಿ ಮತ್ತು ಹಣಕಾಸಿನ ಮಾತನ್ನೇ ಗುರಿಯಾಗಿಟ್ಟು 9 ಭಾಷೆಗಳಲ್ಲಿ, ಉಪಭಾಷೆಗಳನ್ನು ಗಮನಿಸಿ ಓದಿಸಿ ಸಂಗ್ರಹಿಸಿದೆ, ಕನ್ನಡ ಅದರಲ್ಲೊಂದು. ಅದು ನಿಮ್ಮ ಕ್ಷೇತ್ರವೇ. ಅದೇ ಸಂಸ್ಥೆ ಆರ್ಟ್‌ಪಾರ್ಕ್ ಮತ್ತು ಗೂಗಲ್ ಜೊತೆ ನಡೆಸುತ್ತಿರುವ ವಾಣಿ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ ತಮ್ಮ ಮಾತಿನಲ್ಲಿ ವಿವರಿಸಲು ಹೇಳುತ್ತಾರೆ. ವಿಜ್ಞಾನ ಸಂಸ್ಥೆಯದೇ ಇನ್ನೊಂದು ಪ್ರಯೋಗಾಲಯ ಬಿಡುಗಡೆ ಮಾಡಿದ ಸುಮಾರು 350 ಗಂಟೆಯ ಓದಿದ ಕನ್ನಡ, ಧ್ವನಿ ಡೇಟಾ ಉಚಿತವಾಗಿ ಹಂಚುವ ಜಾಲತಾಣ ಓಪನ್‌ಎಸ್‌ಎಲ್‌ಆರ್‌ನಲ್ಲಿದೆ. ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡದ ಇಂಡಿಕ್‌ವಾಯ್ಸಸ್ 22 ಭಾಷೆಗಳ ಸಹಜ ಮಾತು ಹಿಡಿದಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಎಲ್‌ಡಿಸಿ-ಐಎಲ್ ಕೂಡ ಕನ್ನಡ ಧ್ವನಿ ಸಂಗ್ರಹ ಒದಗಿಸುತ್ತದೆ, ಆದರೆ ವ್ಯಾಪಾರದ ಬಳಕೆಗೆ ಶುಲ್ಕ ಕೇಳಬಹುದು. ಪ್ರತಿಯೊಂದರ ಪರವಾನಗಿ ಬೇರೆ. ವ್ಯಾಪಾರಕ್ಕೆ ಬಳಸಬಹುದೇ ಎಂದು ಒಂದೊಂದನ್ನೂ ಓದಿ. ಇವನ್ನೆಲ್ಲ ಇಳಿಸಿಟ್ಟುಕೊಳ್ಳುವುದರಿಂದ ಇನ್ನೊಂದು ಉಪಯೋಗವಿದೆ. ಮಾರಾಟಗಾರರ ಬರಹಗಳನ್ನು ಇವುಗಳ ಬರಹದೊಂದಿಗೆ ಹೋಲಿಸಿ. ಸಾರ್ವಜನಿಕ ಡೇಟಾವನ್ನೇ ಬೆರೆಸಿ ಕೊಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ನಿಜವಾದ ತೀರ್ಪು ಬರುವುದು ಪ್ರಯೋಗದಿಂದ. ಮೊದಲು ಉಚಿತ ಡೇಟಾದಲ್ಲಿ ಮಾತು ಗುರುತಿಸುವ ಒಂದು ಮಾದರಿಯನ್ನು ಪಳಗಿಸಿ ನಿಮ್ಮ ಮೂರು ಗಂಟೆಯ ಮೇಲೆ ದೋಷ ಅಳೆಯಿರಿ. ಆಮೇಲೆ ಮಾರಾಟಗಾರರಿಂದ 60 ಗಂಟೆ ಮಾತ್ರ, ನೀವೇ ಯಾದೃಚ್ಛಿಕವಾಗಿ ಆರಿಸಿ, ಪೂರ್ತಿ ಬೆಲೆ ಕೊಟ್ಟು ಕೊಳ್ಳಿ; 1,80,000 ರೂಪಾಯಿ ಆಗುತ್ತದೆ. ಅದರಲ್ಲಿ 15 ಸೇರಿಸಿ ಅಳೆಯಿರಿ, 30 ಸೇರಿಸಿ, 60 ಸೇರಿಸಿ. ಪ್ರತಿ ಸಲ ದುಪ್ಪಟ್ಟಾದಾಗ ದೋಷ ಎಷ್ಟು ಇಳಿಯಿತು ಎಂದು ಕಾಗದದ ಮೇಲೆ ಗೆರೆ ಎಳೆಯಿರಿ. ಗೆರೆ ಇಳಿಯುತ್ತಲೇ ಇದ್ದರೆ ಮುಂದೆ ಕೊಳ್ಳಲು ಕಾರಣವಿದೆ. 30ರ ನಂತರ ಮಟ್ಟಸವಾದರೆ ಉಳಿದ 1,140 ಗಂಟೆಯಿಂದ ದೊಡ್ಡ ಬದಲಾವಣೆ ನಿರೀಕ್ಷಿಸುವುದು ಕಷ್ಟ. ಜೊತೆಗೆ ಇನ್ನೊಂದು ಹೋಲಿಕೆ ಮಾಡಿ: ನಿಮ್ಮದೇ ಸಂಘಗಳಿಂದ 20 ಗಂಟೆ ಹೊಸ ಕರೆಗಳನ್ನು ಒಪ್ಪಿಗೆಯಿಂದ ಸಂಗ್ರಹಿಸಿ ಬರೆಸಿ ಸೇರಿಸಿದರೆ ದೋಷ ಎಷ್ಟು ಇಳಿಯುತ್ತದೆ? ನನ್ನ ಅನುಭವದಲ್ಲಿ ಸ್ವಂತ ಕ್ಷೇತ್ರದ ಸ್ವಲ್ಪ ಮಾತು ಹೊರಗಿನ ಬಹಳ ಮಾತನ್ನು ಹಲವು ಸಲ ಹಿಂದಿಕ್ಕಿದೆ.

ಕಾನೂನಿನ ವಿಷಯವನ್ನು ವಕೀಲರ ಜೊತೆಗೇ ಕೂತು ಮುಗಿಸಿ, ನಾನು ಎರಡು ಮಾತು ಹೇಳುತ್ತೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಯಾಗುತ್ತಿವೆ. ವ್ಯಕ್ತಿಯನ್ನು ಗುರುತಿಸಬಹುದಾದ ಧ್ವನಿ ವೈಯಕ್ತಿಕ ದತ್ತಾಂಶವೇ. ಯಾವ ಉದ್ದೇಶಕ್ಕೆ ಎಂದು ತಿಳಿಸಿ ಪಡೆದ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು ಅವರಿಗಿದೆ, 18 ದಾಟದವರಾದರೆ ಪೋಷಕರ ಒಪ್ಪಿಗೆ ಬೇಕು. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ‘ಎಲ್ಲ ಒಪ್ಪಿಗೆ ಇದೆ’ ಎಂಬ ಮಾತನ್ನು ಒಪ್ಪದೆ, ನೀವೇ ಆರಿಸಿದ 50 ಜನರ ಒಪ್ಪಿಗೆಪತ್ರ ತೋರಿಸಿ ಎನ್ನಿ. ಪತ್ರ ಅವರು ಓದಬಲ್ಲ ಭಾಷೆಯಲ್ಲಿದೆಯೇ, ವ್ಯಾಪಾರಕ್ಕೆ ಮಾರುವ ಮಾತು ಅದರಲ್ಲಿದೆಯೇ ನೋಡಿ. ಯೂಟ್ಯೂಬಿನಿಂದಲೋ ರೇಡಿಯೋದಿಂದಲೋ ಇಳಿಸಿದ ಧ್ವನಿ ಇಲ್ಲ ಎಂದು ಬರೆಸಿಕೊಳ್ಳಿ, ಇದ್ದರೆ ಅದರ ಹೊಣೆ ಅವರದು ಎಂದೂ ಬರೆಸಿಕೊಳ್ಳಿ.

ಒಪ್ಪಂದದಲ್ಲಿ ಹಣ ಕೊಡುವುದು ಮೌನ ಕಳೆದು, ಪರಿಶೀಲನೆಯಲ್ಲಿ ಪಾಸಾದ ಗಂಟೆಗೆ ಮಾತ್ರ. 200 ಗಂಟೆಯ ಕಂತುಗಳಲ್ಲಿ ಪಡೆಯಿರಿ. ಪ್ರತಿ ಕಂತಿನಿಂದ ನೀವು ಎತ್ತಿದ 400 ತುಣುಕಿನಲ್ಲಿ ಒಪ್ಪಿದ ಮಿತಿಗಿಂತ ಹೆಚ್ಚು ಕೆಟ್ಟಿದ್ದರೆ ಇಡೀ ಕಂತು ವಾಪಸ್, ಎರಡು ಕಂತು ಹೀಗಾದರೆ ಒಪ್ಪಂದ ರದ್ದು. ಯಾವುದು ‘ಕೆಟ್ಟದ್ದು’ ಎಂಬುದಕ್ಕೆ ಹತ್ತು ಉದಾಹರಣೆ ಕೊಟ್ಟು ಒಪ್ಪಂದಕ್ಕೇ ಲಗತ್ತಿಸಿ. ‘ಅಪ್ಪ’ನನ್ನು ‘ತಂದೆ’ ಮಾಡಿದ್ದು ಅದರಲ್ಲಿ ಮೊದಲನೆಯದಾಗಿರಲಿ.

ನಾಳೆ ಬೆಳಿಗ್ಗೆಯೇ ಅವರಿಗೆ ಪತ್ರ ಬರೆದು ಮೂರು ಕೇಳಿ: ಪೂರ್ತಿ ಕಡತಪಟ್ಟಿ, ಬರೆಯುವವರ ನಿಯಮಪುಸ್ತಕ, ಒಪ್ಪಿಗೆಪತ್ರದ ನಮೂನೆ. ಕೆಲಸ ಕ್ರಮವಾಗಿ ಮಾಡಿದವರ ಬಳಿ ಮೂರೂ ಸಿದ್ಧವಾಗಿರುತ್ತವೆ, ಎರಡು ಮೂರು ದಿನಕ್ಕಿಂತ ಹೆಚ್ಚು ಹಿಡಿಯಬಾರದು. ಅವು ಬರುವಷ್ಟರಲ್ಲಿ ನೀವು ನವಲಗುಂದದ ದಾರಿ ಹಿಡಿದು ಮೊದಲ ಕರೆಗಳನ್ನು ದಾಖಲಿಸಲು ಶುರುಮಾಡಿ.